ಮೈಸೂರಿನಲ್ಲಿ ಎಲ್ಲಿ ಓಡೋದು? ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನಲ್ಲಿ ಓಡುವವರ ಪುಣ್ಯ ದೊಡ್ಡದು. ಕೆರೆ, ಬೆಟ್ಟ, ರಾಜಬೀದಿ, ನಾಲೆ ಏರಿ, ಎಲ್ಲವೂ ಕೈಗೆ ಸಿಗುವಷ್ಟು ಹತ್ತಿರ. ಆದರೂ ಹೊಸದಾಗಿ ಓಡಲು ಶುರು ಮಾಡಿದವರು ಮನೆ ಮುಂದಿನ ರಸ್ತೆಯಲ್ಲೇ ನಾಲ್ಕು ದಿನ ಓಡಿ, ಹೊಗೆ ಕುಡಿದು, ಬೇಜಾರಾಗಿ ಬಿಟ್ಟುಬಿಡುತ್ತಾರೆ. ಅಂಥವರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಇವನ್ನು ಓದುವಾಗ ಒಂದು ಮಾತು ನೆನಪಿರಲಿ. ಈ ಊರಿನಲ್ಲಿ ಜಾಗ ಗೊತ್ತಿದ್ದರೆ ಸಾಲದು, ಆ ಜಾಗದ ಹೊತ್ತೂ ಗೊತ್ತಿರಬೇಕು. ಬೆಳಗ್ಗೆ ಐದೂವರೆಗೆ ಸ್ವರ್ಗದ ಹಾಗಿರುವ ಬೀದಿಯಲ್ಲಿ ಒಂಬತ್ತು ಗಂಟೆಗೆ ಕಾಲಿಡಲೂ ಜಾಗ ಇರುವುದಿಲ್ಲ.

ನಾನು ಮೈಸೂರಿಗೆ ಹೊಸಬ. ಮೊದಲು ಎಲ್ಲಿಗೆ ಹೋಗಲಿ?

ಕುಕ್ಕರಹಳ್ಳಿ ಕೆರೆಗೆ. ಇದರಲ್ಲಿ ಎರಡನೇ ಮಾತೇ ಇಲ್ಲ.

1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಆದ ಕೆರೆ ಇದು. ಆಗ ಊರಾಚೆಯ ಹೊಲಗಳಿಗೆ ನೀರುಣಿಸಲು ಕಟ್ಟಿದ್ದು, ಈಗ ಊರ ನಡುವೆಯೇ ಬಂದು ಕೂತಿದೆ. ಸುತ್ತಲೂ ಮಣ್ಣಿನ ದಾರಿ. ಒಂದು ಸುತ್ತು ನಾಲ್ಕು ಕಿಲೋಮೀಟರ್ ಆಸುಪಾಸು ಆಗುತ್ತದೆ. ಹೊಸಬರಿಗೆ ಒಂದು ಸುತ್ತು ಸಾಕು, ಅದರಲ್ಲೂ ಅರ್ಧ ನಡೆದರೆ ತಪ್ಪೇನಿಲ್ಲ. ಪಳಗಿದವರು ಎರಡು ಮೂರು ಸುತ್ತು ಹಾಕುತ್ತಾರೆ.

ಈ ದಾರಿಯ ಗುಣ ಏನೆಂದರೆ, ಓಡುವವರನ್ನು ಬೇಜಾರಾಗಲು ಬಿಡುವುದಿಲ್ಲ. ಏರಿಯ ಮೇಲೆ ಬಯಲು, ಗಾಳಿ, ಒಂದು ಕಡೆ ಪೂರ್ತಿ ನೀರು. ಮುಂದೆ ಹೋದರೆ ಮರಗಳ ನೆರಳು, ಒಣಗಿದ ಎಲೆ, ಸಣ್ಣ ತಿರುವುಗಳು. ಪಶ್ಚಿಮದ ದಡಕ್ಕೆ ಬಂದಾಗ ಕೆರೆಯಾಚೆ ಚಾಮುಂಡಿ ಬೆಟ್ಟ ಕಾಣುತ್ತದೆ. ಚಳಿಗಾಲದಲ್ಲಿ ನೀರಿನ ಮೇಲಿನ ಮಂಜು ಇನ್ನೂ ಕರಗಿರುವುದಿಲ್ಲ, ಅದರ ಹಿಂದೆ ಬೆಟ್ಟದ ಗೆರೆ ಮಾತ್ರ. ಹೆಜ್ಜಾರ್ಲೆಗಳು ನೀರಿನ ಮೇಲೆ ಸಾಲಾಗಿ ತೇಲುತ್ತಿರುತ್ತವೆ. ನೀರುಕಾಗೆಗಳು ಒಣ ಕೊಂಬೆಯ ಮೇಲೆ ರೆಕ್ಕೆ ಬಿಚ್ಚಿಕೊಂಡು ಬಿಸಿಲಿಗೆ ಒಣಗಿಸಿಕೊಳ್ಳುತ್ತಿರುತ್ತವೆ. ಗಡಿಯಾರ ನೋಡದೆ ಒಮ್ಮೆ ಆದರೂ ಈ ಸುತ್ತು ಓಡಿ.

ಅಲ್ಲಿ ನಡೆಯುವವರೇ ಜಾಸ್ತಿ, ಓಡಲು ದಾರಿ ಸಿಗುವುದಿಲ್ಲ ಅಲ್ವಾ?

ಆರೂವರೆಯಿಂದ ಏಳೂವರೆವರೆಗೆ ನಿಜವಾಗಿಯೂ ಜನ ಜಾಸ್ತಿ. ಬಾಗಿಲು ತೆರೆದ ಕೂಡಲೇ ಹೋಗಿ, ಇಲ್ಲವೇ ಎಂಟರ ಹೊತ್ತಿಗೆ ಹೋಗಿ. ಮರಗಳಿರುವುದರಿಂದ ಎಂಟು ಗಂಟೆಗೂ ಬಿಸಿಲು ಅಷ್ಟಾಗಿ ತಟ್ಟುವುದಿಲ್ಲ.

ಜನರಿರುವಾಗ ಓಡಬೇಕಾಗಿ ಬಂದರೆ ಒಂದು ಮರ್ಯಾದೆ ಇದೆ. ಕೆರೆಗೆ ಬರುವ ಹಿರಿಯರು ಬಹಳ ವರ್ಷಗಳಿಂದ ಅದೇ ಹೊತ್ತಿಗೆ, ಅದೇ ಗೆಳೆಯರ ಜೊತೆ ಮಾತಾಡಿಕೊಂಡು ನಡೆಯುವವರು. ಹಿಂದಿನಿಂದ ಸದ್ದಿಲ್ಲದೆ ಬಂದು ಭುಜಕ್ಕೆ ಉಜ್ಜಿಕೊಂಡು ಹೋದರೆ ಬೆಚ್ಚಿಬೀಳುತ್ತಾರೆ. ಹತ್ತು ಹೆಜ್ಜೆ ಹಿಂದಿರುವಾಗಲೇ ‘ಸಾರ್, ಸ್ವಲ್ಪ ದಾರಿ’, ‘ಅಮ್ಮ, ಬಲಕ್ಕೆ ಬರ್ತಿದೀನಿ’ ಎಂದರೆ ಎಲ್ಲರೂ ಖುಷಿಯಿಂದ ಸರಿಯುತ್ತಾರೆ.

ವೇಗವಾಗಿ ಓಡಲೇಬೇಕು ಎನ್ನುವ ದಿನ ಕೆರೆ ಬಿಟ್ಟು ಪಕ್ಕದ ಮಾನಸಗಂಗೋತ್ರಿಗೆ ಹೋಗಿ. ಮೈಸೂರು ವಿಶ್ವವಿದ್ಯಾನಿಲಯದ ಈ ಆವರಣ ಶುರುವಾದದ್ದು 1960ರಲ್ಲಿ, ಏಳುನೂರಕ್ಕೂ ಹೆಚ್ಚು ಎಕರೆ ಇದೆ. ಒಳಗಿನ ಡಾಂಬರು ರಸ್ತೆಗಳಲ್ಲಿ ಬೆಳಗಿನ ಹೊತ್ತು ವಾಹನ ಕಡಿಮೆ. ಸಣ್ಣ ಸಣ್ಣ ಏರಿಳಿತಗಳಿವೆ. ಕಾಲಿಗೆ ಬಲ ಬರಲು ಅಂಥ ಏರು ಬೇಕು. ಕೆರೆಯ ಒಂದು ಸುತ್ತಿಗೆ ಗಂಗೋತ್ರಿಯ ಒಂದು ಸುತ್ತು ಸೇರಿಸಿದರೆ, ಒಂದೇ ದಾರಿಯನ್ನು ಎರಡು ಸಲ ತುಳಿಯದೆ ಎಂಟು ಹತ್ತು ಕಿಲೋಮೀಟರ್ ಆರಾಮಾಗಿ ಆಗುತ್ತದೆ. ನನ್ನ ಮಟ್ಟಿಗೆ ಊರೊಳಗಿನ ಅತ್ಯುತ್ತಮ ಹತ್ತು ಕಿಲೋಮೀಟರ್ ಇದೇ.

ಬೇರೆ ಕೆರೆಗಳು?

ಶ್ರೀರಾಂಪುರ, ರಾಮಕೃಷ್ಣನಗರದ ಕಡೆಯವರಿಗೆ ಲಿಂಗಾಂಬುಧಿ ಕೆರೆ ಇದೆ. 1828ರಲ್ಲಿ ಮುಮ್ಮಡಿಯವರು ತಮ್ಮ ರಾಣಿ ಲಿಂಗಾಜಮ್ಮಣ್ಣಿಯವರ ಹೆಸರಿನಲ್ಲಿ ಕಟ್ಟಿಸಿದ್ದು. ಕುಕ್ಕರಹಳ್ಳಿಗಿಂತ ಹೆಚ್ಚು ಕಾಡಿನ ಹಾಗಿದೆ, ಜನವೂ ಕಡಿಮೆ. ಅರಣ್ಯ ಇಲಾಖೆಯ ಕೈಯಲ್ಲಿರುವುದರಿಂದ ಒಳಗೆ ಹೋಗುವ ಸಮಯ ಕಟ್ಟುನಿಟ್ಟು. ಬಾಗಿಲಿನ ಫಲಕ ನೋಡಿಕೊಳ್ಳಿ.

ಕಾರಂಜಿ ಕೆರೆಯನ್ನು ಬಹಳ ಜನ ಕೇಳುತ್ತಾರೆ. ಜಾಗ ಚಂದ, ಆದರೆ ಓಟಕ್ಕೆ ಆಗಿಬರುವುದಿಲ್ಲ. ಅದು ಮೃಗಾಲಯದ ಆಡಳಿತದಲ್ಲಿದೆ, ಟಿಕೆಟ್ ಇದೆ, ಬಾಗಿಲು ತೆರೆಯುವುದೇ ಎಂಟೂವರೆಗೆ, ಮಂಗಳವಾರ ರಜೆ. ಮನೆಯವರ ಜೊತೆ ಸುತ್ತಾಡಲು ಹೋಗಿ.

ಚಾಮುಂಡಿ ಬೆಟ್ಟದ ಮೆಟ್ಟಿಲು ಓಡಿ ಹತ್ತಬಹುದಾ?

ಹತ್ತಬಹುದು. ಆದರೆ ಮೊದಲ ದಿನವೇ ಓಡಬೇಡಿ.

ಮೆಟ್ಟಿಲುಗಳು ಸಾವಿರಕ್ಕೂ ಹೆಚ್ಚು. ರೂಢಿಯ ಲೆಕ್ಕ 1,008. ಹದಿನೇಳನೇ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರ ಕಾಲದಲ್ಲಿ ಆದವು, ಹಾಗಾಗಿ ಒಂದರಂತೆ ಒಂದಿಲ್ಲ. ಕೆಲವು ಗೇಣುದ್ದ, ಕೆಲವು ಮೊಣಕಾಲೆತ್ತರ. ನಡುನಡುವೆ ಬರೀ ಇಳಿಜಾರು ಬಂಡೆ. ಒಂದು ಲಯ ಹಿಡಿಯಿತು ಎನ್ನುವಷ್ಟರಲ್ಲಿ ಮುಂದಿನ ಮೆಟ್ಟಿಲು ಆ ಲಯ ತಪ್ಪಿಸುತ್ತದೆ. ಅದಕ್ಕೇ ಕಣ್ಣು ಕಾಲಿನ ಮೇಲೇ ಇರಬೇಕು.

ಇನ್ನೊಂದು ಸಂಗತಿ. ಹರಕೆ ಹೊತ್ತ ಹೆಂಗಸರು ಪ್ರತಿ ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚಿಕೊಂಡು ಹತ್ತುತ್ತಾರೆ. ಬಾಗಿ, ಬೆರಳಲ್ಲಿ ಒಂದು ಬೊಟ್ಟು ಅರಿಶಿನ, ಒಂದು ಬೊಟ್ಟು ಕುಂಕುಮ, ಮತ್ತೆ ಒಂದು ಮೆಟ್ಟಿಲು. ಅವರ ಪಕ್ಕದಲ್ಲಿ ದಡದಡ ಓಡುವುದು ಸರಿಯಲ್ಲ. ನಿಧಾನ ಮಾಡಿ, ದಾಟಿ, ಮತ್ತೆ ಓಡಿ. ಇಬ್ಬನಿ ಬಿದ್ದಾಗ ಆ ಪುಡಿ ಕಲ್ಲಿನ ಮೇಲೆ ಜಾರುತ್ತದೆ, ಆದ್ದರಿಂದ ಮೆಟ್ಟಿಲಿನ ನಡುವೆ ಕಾಲಿಡದೆ ಅಂಚಿನ ಕಡೆ ಇಡಿ.

ಮುಕ್ಕಾಲು ದಾರಿಯಲ್ಲಿ ನಂದಿ ಸಿಗುತ್ತದೆ. ಒಂದೇ ಕಲ್ಲಿನಲ್ಲಿ ಕಡೆದ ದೊಡ್ಡ ನಂದಿ. ಅಲ್ಲಿ ನಿಂತು ಉಸಿರು ತೆಗೆದುಕೊಳ್ಳಿ. ಹೊಸಬರು ಮೊದಲ ಕೆಲವು ವಾರ ನಂದಿವರೆಗೆ ನಡೆದು ಹತ್ತಿ ವಾಪಸ್ ಬಂದರೂ ಸಾಕು. ಆಮೇಲೆ ನೂರು ಮೆಟ್ಟಿಲು ಓಡು, ನೂರು ಮೆಟ್ಟಿಲು ನಡೆ ಎಂದು ಶುರು ಮಾಡಿ. ಊರು ಸಮುದ್ರ ಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ, ಬೆಟ್ಟದ ತುದಿ 1,060ರ ಹತ್ತಿರ. ಇಷ್ಟು ಏರು ಊರ ಪಕ್ಕದಲ್ಲೇ ಸಿಗುವುದು ಅಪರೂಪ.

ಇಳಿಯುವಾಗ ಓಡಲೇಬೇಡಿ. ಮೊಣಕಾಲು ಹೋಗುವುದು ಹತ್ತುವಾಗ ಅಲ್ಲ, ಇಳಿಯುವಾಗ. ಮೇಲಿನಿಂದ ಸಿಟಿ ಬಸ್ಸು ಸಿಗುತ್ತದೆ, ಅದರಲ್ಲಿ ಇಳಿದು ಬಂದರೆ ಅವಮಾನ ಏನೂ ಇಲ್ಲ.

ಆಷಾಢ ಶುಕ್ರವಾರಗಳು, ಚಾಮುಂಡೇಶ್ವರಿ ವರ್ಧಂತಿ, ದಸರೆಯ ದಿನಗಳಲ್ಲಿ ಬೆಟ್ಟ ಭಕ್ತರದ್ದು. ಆಗ ಓಟದ ಮಾತು ಬೇಡ. ಹಾಗೇ ಕತ್ತಲಲ್ಲಿ ಒಬ್ಬರೇ ಹೋಗಬೇಡಿ. ಬೆಟ್ಟದ ಕಾಡಿನಲ್ಲಿ ಚಿರತೆಗಳಿವೆ. ಬೆಳಕು ಹರಿದ ಮೇಲೆ, ಜನರಿರುವಾಗ ಹತ್ತಿ.

ಮೆಟ್ಟಿಲು ಬೇಡ, ಬೆಟ್ಟದ ರಸ್ತೆ ಹೇಗೆ?

ಉದ್ದದ ಏರು ಅಭ್ಯಾಸ ಮಾಡುವವರಿಗೆ ಒಳ್ಳೆಯದು. ವಾರದ ದಿನ, ಬೆಳಗ್ಗೆ ಬೇಗ. ಭಾನುವಾರ ಕಾರು, ಬೈಕು, ಸೈಕಲ್ ಎಲ್ಲ ಅಲ್ಲಿಗೇ ಬರುತ್ತವೆ. ತಿರುವುಗಳಲ್ಲಿ ಮೇಲಿನಿಂದ ಬರುವ ಬೈಕುಗಳಿಗೆ ನೀವು ಕಾಣುವುದಿಲ್ಲ. ಎದುರು ಬರುವ ವಾಹನ ನಿಮಗೆ ಕಾಣುವ ಹಾಗೆ ರಸ್ತೆಯ ಬಲಬದಿಯಲ್ಲಿ ಓಡಿ. ಕಣ್ಣು ಮರೆಯಾಗುವ ತಿರುವು ಬಂದಾಗ ಮಾತ್ರ ಇನ್ನೂ ಅಂಚಿಗೆ ಸರಿದು ನಡೆಯಿರಿ.

ಬೆಟ್ಟ ಹತ್ತಲು ಮನಸ್ಸಿಲ್ಲದ ದಿನ ಕೆಳಗಿನ ಲಲಿತಮಹಲ್ ರಸ್ತೆ ಇದೆ. ಅಗಲ ರಸ್ತೆ, ಇಕ್ಕೆಲಗಳಲ್ಲೂ ಮರ, ಕೊನೆಗೆ 1921ರಲ್ಲಿ ಕಟ್ಟಿದ ಬಿಳಿ ಅರಮನೆ. ಸಮತಟ್ಟಾಗಿ, ನೇರವಾಗಿ, ಲಯ ಹಿಡಿದು ಓಡುವವರಿಗೆ ಇಷ್ಟವಾಗುತ್ತದೆ.

ಪೇಟೆ ಬೀದಿಗಳಲ್ಲಿ ಓಡುವುದು ಹುಚ್ಚಲ್ಲವೇ?

ಹತ್ತು ಗಂಟೆಗೆ ಹುಚ್ಚು. ಭಾನುವಾರ ಬೆಳಗ್ಗೆ ಐದೂವರೆ ಆರಕ್ಕೆ ಮೈಸೂರಿನಲ್ಲಿ ಅದಕ್ಕಿಂತ ಸುಖ ಇಲ್ಲ.

ಜಂಬೂಸವಾರಿಯ ದಾರಿಯನ್ನೇ ಹಿಡಿಯಿರಿ. ಅರಮನೆಯಿಂದ ಕೆ.ಆರ್. ವೃತ್ತ, ಅಲ್ಲಿಂದ ಸಯ್ಯಾಜಿರಾವ್ ರಸ್ತೆ, ಆಯುರ್ವೇದ ಆಸ್ಪತ್ರೆ ವೃತ್ತ, ಬಂಬೂಬಜಾರ್, ಹೈವೇ ವೃತ್ತ, ಕೊನೆಗೆ ಬನ್ನಿಮಂಟಪ. ಸುಮಾರು ಐದು ಕಿಲೋಮೀಟರ್. ವಿಜಯದಶಮಿಯ ದಿನ 750 ಕಿಲೋ ತೂಕದ ಚಿನ್ನದ ಅಂಬಾರಿ ಹೊತ್ತು ಆನೆ ನಡೆಯುವ ದಾರಿ ಇದು. ಆ ದಿನ ಬೆಳಗ್ಗೆಯಿಂದ ಕಾದು ಕೂತರೂ ನಿಲ್ಲಲು ಜಾಗ ಸಿಗದ ಬೀದಿ, ಈ ಹೊತ್ತಿನಲ್ಲಿ ಇಡೀ ನಿಮ್ಮದು. ಹೋಗಿ ಬಂದರೆ ಹತ್ತು ಕಿಲೋಮೀಟರ್. ದಾರಿಯೂ ಹೆಚ್ಚುಕಡಿಮೆ ಸಮತಟ್ಟು.

ದೇವರಾಜ ಮಾರುಕಟ್ಟೆಯ ಹತ್ತಿರ ಮಾತ್ರ ನಿಧಾನ ಮಾಡಬೇಕು. ಹೂವಿನವರು ಅಷ್ಟೊತ್ತಿಗೆ ಎದ್ದಿರುತ್ತಾರೆ. ಗೋಣಿಚೀಲದಿಂದ ಸೇವಂತಿಗೆ ಸುರಿಯುತ್ತಿರುತ್ತಾರೆ, ವೀಳ್ಯದೆಲೆ ಕಟ್ಟುಗಳಿಗೆ ನೀರು ಚಿಮುಕಿಸುತ್ತಿರುತ್ತಾರೆ. ಗಾಡಿಯಿಂದ ತರಕಾರಿ ಮೂಟೆ ಇಳಿಸುವವರಿಗೆ ನೀವು ಅಡ್ಡ ಬರಬಾರದು. ಅವರದ್ದು ಹೊಟ್ಟೆಪಾಡು. ಮಲ್ಲಿಗೆ, ಬಾಳೆಲೆ, ಊದುಬತ್ತಿ ಎಲ್ಲ ಬೆರೆತ ಆ ವಾಸನೆ ದಾಟಿ ಹೋಗುವಾಗ ಕಾಲಿನ ನೋವು ಗೊತ್ತಾಗುವುದಿಲ್ಲ.

ಅಷ್ಟು ದೂರ ಬೇಡ ಎಂದರೆ ಅರಮನೆ ಕೋಟೆಯನ್ನೇ ಹೊರಗಿನಿಂದ ಒಂದು ಸುತ್ತು ಹಾಕಿ. ಎರಡು ಕಿಲೋಮೀಟರ್ ಆಸುಪಾಸು. ಉತ್ತರಕ್ಕೆ ದೊಡ್ಡ ಗಡಿಯಾರ, ಪುರಭವನ. ಪೂರ್ವಕ್ಕೆ ದೊಡ್ಡಕೆರೆ ಮೈದಾನ. ಸುತ್ತಿನ ಲೆಕ್ಕ ತಪ್ಪುವುದೇ ಇಲ್ಲ.

ರಿಂಗ್ ರಸ್ತೆ ಸುಮಾರು 42 ಕಿಲೋಮೀಟರ್ ಅಂತೆ. ಮ್ಯಾರಥಾನ್ ಅಭ್ಯಾಸಕ್ಕೆ ಸರಿಹೋಗುತ್ತದಾ?

ಲೆಕ್ಕ ಹೊಂದುತ್ತದೆ. ಮ್ಯಾರಥಾನ್ ದೂರ 42.195 ಕಿಲೋಮೀಟರ್. ಆದರೆ ಲಾರಿ, ಧೂಳು, ವೇಗ. ನೆರಳೂ ಕಡಿಮೆ. ನಾನು ಯಾರಿಗೂ ಹೇಳುವುದಿಲ್ಲ.

ಊರಾಚೆ ಉದ್ದ ಓಡಲು?

ಶ್ರೀರಂಗಪಟ್ಟಣ. ಮೈಸೂರಿನಿಂದ ಹದಿನೈದು ಕಿಲೋಮೀಟರ್ ಆಸುಪಾಸು.

ಅಲ್ಲಿ ರಂಗನತಿಟ್ಟಿನ ಸುತ್ತಮುತ್ತ ವಿರಿಜಾ ನಾಲೆಯ ಏರಿ ಇದೆ. ಕಾವೇರಿ ಟ್ರೇಲ್ ಮ್ಯಾರಥಾನ್ ನಡೆಯುವುದು ಇದರ ಮೇಲೆಯೇ. ಪೂರ್ತಿ ಮಣ್ಣಿನ ದಾರಿ. ಒಂದು ಕಡೆ ತುಂಬಿ ಹರಿಯುವ ನಾಲೆ, ಇನ್ನೊಂದು ಕಡೆ ಭತ್ತ, ಕಬ್ಬು. ಮಣ್ಣಾದ್ದರಿಂದ ಡಾಂಬರಿನಷ್ಟು ಕಾಲು ಬಳಲುವುದಿಲ್ಲ. ಇಪ್ಪತ್ತು ಕಿಲೋಮೀಟರ್ ದಾಟುವ ಓಟಕ್ಕೆ ಇದಕ್ಕಿಂತ ಒಳ್ಳೆಯ ನೆಲ ಈ ಭಾಗದಲ್ಲಿ ನಾನು ಕಂಡಿಲ್ಲ. ದಾರಿ ತಪ್ಪುವ ಭಯವೂ ಇಲ್ಲ. ನಾಲೆ ಹಿಡಿದು ಹೋಗುವುದು, ನಾಲೆ ಹಿಡಿದು ಬರುವುದು.

ಇದು ರೈತರು ದಿನವೂ ಬಳಸುವ ದಾರಿ ಎನ್ನುವುದು ಮರೆಯಬೇಡಿ. ಎತ್ತಿನ ಗಾಡಿ, ಕಬ್ಬು ತುಂಬಿದ ಟ್ರ್ಯಾಕ್ಟರ್, ಬಟ್ಟೆ ಒಗೆಯುವವರು, ದನ ತೊಳೆಯುವವರು ಎಲ್ಲ ಸಿಗುತ್ತಾರೆ. ‘ಎಲ್ಲಿಂದ ಬಂದ್ರಿ?’ ಎಂದು ಕೇಳಿದರೆ ಒಂದು ನಿಮಿಷ ನಿಂತು ಮಾತಾಡಿ. ಮುಂದಿನ ಸಲ ದಾರಿ ಕೇಳುವುದೂ, ನೀರು ಕೇಳುವುದೂ ಅವರನ್ನೇ.

ನಾಲೆಗೆ ಮಾತ್ರ ಇಳಿಯಬೇಡಿ. ಮೇಲೆ ಶಾಂತವಾಗಿ ಕಂಡರೂ ಸೆಳೆತ ಜೋರಾಗಿರುತ್ತದೆ, ಅಂಚು ಪಾಚಿ ಕಟ್ಟಿರುತ್ತದೆ. ಹೊಳೆಯ ಕಡೆಗೂ ಬೇಡ. ರಂಗನತಿಟ್ಟಿನ ಕಾವೇರಿಯಲ್ಲಿ ಮೊಸಳೆಗಳಿವೆ.

ಡಾಂಬರು ಬೇಕೆನ್ನುವವರು ಶ್ರೀರಂಗಪಟ್ಟಣದ ದ್ವೀಪದೊಳಗೇ ಓಡಬಹುದು. ಕೋಟೆಯಿಂದ ಹೊರಟು ದರಿಯಾ ದೌಲತ್, ಗುಂಬಜ್ ದಾಟಿ ಸಂಗಮಕ್ಕೆ ಹೋಗಿ ಬರುವುದು. ಕೊನೆಯಲ್ಲಿ ಹೊಳೆಯ ಎರಡು ಕವಲೂ ಸೇರುವುದನ್ನು ನೋಡಿ ವಾಪಸ್. ರಜಾ ದಿನಗಳಲ್ಲಿ ಪ್ರವಾಸಿಗರ ವಾಹನ ಶುರುವಾಗುವ ಮುಂಚೆ ಮುಗಿಸಿಬಿಡಿ.

ನಮ್ಮ ಬಡಾವಣೆಯ ಹತ್ತಿರ ಕೆರೆಯೂ ಇಲ್ಲ, ಬೆಟ್ಟವೂ ಇಲ್ಲ. ದಾರಿ ಹುಡುಕುವುದು ಹೇಗೆ?

ದಿನವೂ ಕಾರಿನಲ್ಲಿ ಅರ್ಧ ಗಂಟೆ ಹೋಗಿ ಓಡುವ ಅಭ್ಯಾಸ ಬಹಳ ದಿನ ಉಳಿಯುವುದಿಲ್ಲ. ಕೆರೆ, ನಾಲೆ ವಾರಕ್ಕೊಮ್ಮೆ ಇರಲಿ. ಉಳಿದ ದಿನಕ್ಕೆ ಮನೆ ಬಾಗಿಲಿನಿಂದ ಶುರುವಾಗುವ ಒಂದು ದಾರಿ ಬೇಕು.

ಮೊದಲು ಮೊಬೈಲಿನ ನಕ್ಷೆಯಲ್ಲಿ ಉಪಗ್ರಹ ಚಿತ್ರ ತೆರೆದು ಮನೆಯಿಂದ ಎರಡು ಮೂರು ಕಿಲೋಮೀಟರ್ ಸುತ್ತ ಹಸಿರು ಎಲ್ಲಿದೆ ನೋಡಿ. ಉದ್ಯಾನ, ಕಾಲೇಜು ಮೈದಾನ, ನಾಲೆ, ರೈಲು ಹಳಿಯ ಪಕ್ಕದ ಮಣ್ಣು ರಸ್ತೆ, ಸೈಟು ಮಾಡಿ ಇನ್ನೂ ಮನೆ ಏಳದ ಹೊಸ ಬಡಾವಣೆ. ಈ ಕೊನೆಯದನ್ನು ಯಾರೂ ಎಣಿಸುವುದಿಲ್ಲ. ಆದರೆ ಮೈಸೂರಿನ ಹೊರವಲಯದಲ್ಲಿ ಅಂಥವು ಬೇಕಾದಷ್ಟಿವೆ. ಅಗಲವಾದ ರಸ್ತೆ, ವಾಹನವೇ ಇಲ್ಲ. ಬೆಳಕಿರುವಾಗ ಮಾತ್ರ ಹೋಗಿ, ಮೋರಿಗಳ ಮೇಲೆ ಚಪ್ಪಡಿ ಇರುವುದಿಲ್ಲ.

ಆಮೇಲೆ ಆ ದಾರಿಯನ್ನು ಒಮ್ಮೆ ನಡೆದು ನೋಡಿ, ನೀವು ಓಡುವ ಹೊತ್ತಿಗೇ. ಸಂಜೆ ನಡೆದು ನೋಡಿ ಬೆಳಗ್ಗೆ ಓಡಲು ಹೋದರೆ ಲೆಕ್ಕವೇ ತಪ್ಪುತ್ತದೆ. ಬೀದಿದೀಪ ಎಲ್ಲಿವರೆಗೆ ಇದೆ, ಎಲ್ಲಿ ಕಸ ಸುಡುತ್ತಾರೆ, ಎಲ್ಲಿ ನಾಯಿಗಳ ಗುಂಪು, ಎಲ್ಲಿ ಶಾಲೆ ಬಸ್ಸು ನಿಲ್ಲುತ್ತದೆ, ದೊಡ್ಡ ರಸ್ತೆ ಎಷ್ಟು ಸಲ ದಾಟಬೇಕು. ಎರಡಕ್ಕಿಂತ ಹೆಚ್ಚು ಸಲ ದೊಡ್ಡ ರಸ್ತೆ ದಾಟಬೇಕಾದರೆ ಆ ದಾರಿ ಬಿಟ್ಟುಬಿಡಿ.

ಸಾಧ್ಯವಾದರೆ ಹೋದ ದಾರಿಯಲ್ಲೇ ಬರುವುದಕ್ಕಿಂತ ಸುತ್ತಿಬರುವ ದಾರಿ ಮಾಡಿಕೊಳ್ಳಿ. ಯಾದವಗಿರಿ, ಗೋಕುಲಂ, ಜಯಲಕ್ಷ್ಮೀಪುರಂ ಕಡೆ ಹಳೆಯ ಮರಗಳಿರುವ ಅಡ್ಡರಸ್ತೆಗಳು ಬಹಳ. ಒಂದರಲ್ಲಿ ಹೋಗಿ ಪಕ್ಕದ್ದರಲ್ಲಿ ಬಂದರೂ ಬೇರೆ ದಾರಿಯೇ ಆಯಿತು.

ಬೀದಿನಾಯಿಗಳು ಅಟ್ಟಿಸಿಕೊಂಡು ಬಂದರೆ?

ಓಟ ನಿಲ್ಲಿಸಿ. ಓಡಿದಷ್ಟೂ ಅಟ್ಟುತ್ತವೆ. ಕಣ್ಣಲ್ಲಿ ಕಣ್ಣಿಟ್ಟು ನೋಡದೆ, ಬೆನ್ನು ತೋರಿಸದೆ, ಮೆಲ್ಲಗೆ ನಡೆದು ದಾಟಿ. ಹೆಚ್ಚಿನವು ತಮ್ಮ ಬೀದಿ ಮುಗಿಯುವವರೆಗೆ ಮಾತ್ರ ಬೊಗಳುತ್ತವೆ. ದಿನವೂ ಅದೇ ಹೊತ್ತಿಗೆ ಹೋಗುವವರು ಅವಕ್ಕೆ ಪರಿಚಯವಾಗುತ್ತಾರೆ.

ಕಚ್ಚಿದರೆ, ಸಣ್ಣ ಗೀರಾದರೂ ಸರಿ, ಹರಿಯುವ ನೀರು ಮತ್ತು ಸೋಪಿನಲ್ಲಿ ಹದಿನೈದು ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ. ಅರಿಶಿನ, ಸುಣ್ಣ ಹಚ್ಚುವುದು ಬೇಡ. ರೇಬಿಸ್ ಬಂದ ಮೇಲೆ ಉಳಿಸಿಕೊಳ್ಳುವುದು ಹೆಚ್ಚುಕಡಿಮೆ ಅಸಾಧ್ಯ. ಲಸಿಕೆ ಹಾಕಿಸಿಕೊಂಡರೆ ಅದು ಬರದಂತೆ ತಡೆಯಬಹುದು.

ಹೆಣ್ಣುಮಕ್ಕಳು ಒಬ್ಬರೇ ಓಡಲು ಯಾವ ದಾರಿ ಒಳ್ಳೆಯದು?

ಬೆಳಗಿನ ಕುಕ್ಕರಹಳ್ಳಿ. ಬೇರೆಯವರು ಗುಂಪು ಎಂದು ದೂರುವ ಆ ಆರೂವರೆಯ ಹೊತ್ತೇ ಇಲ್ಲಿ ಅನುಕೂಲ. ಎಲ್ಲಿ ತಿರುಗಿದರೂ ನಡೆಯುವ ಅಮ್ಮಂದಿರು, ಅಜ್ಜಂದಿರು ಇರುತ್ತಾರೆ. ಅರಮನೆ ಸುತ್ತು, ಲಲಿತಮಹಲ್ ರಸ್ತೆ ಕೂಡ ಬೆಳಕಾದ ಮೇಲೆ ಸರಿಯೇ. ನಾಲೆ ಏರಿ, ಬೆಟ್ಟದ ರಸ್ತೆ, ಖಾಲಿ ಬಡಾವಣೆಗೆ ಜೊತೆ ಇದ್ದರೆ ಒಳ್ಳೆಯದು. ಅದು ಗಂಡಸರಿಗೂ ಅಷ್ಟೇ ನಿಜ.

ಎಲ್ಲಿಗೆ ಹೋಗುತ್ತೇನೆ, ಎಷ್ಟೊತ್ತಿಗೆ ಬರುತ್ತೇನೆ ಎಂದು ಮನೆಯಲ್ಲಿ ಹೇಳಿ. ಕಿವಿಗೆ ಇಯರ್‌ಫೋನ್ ಹಾಕುವುದಾದರೆ ಒಂದೇ ಕಿವಿಗೆ. ತುರ್ತಿಗೆ 112. ಓಟದ ಆ್ಯಪ್‌ನಲ್ಲಿ ನಿಮ್ಮ ದಾರಿ ಎಲ್ಲರಿಗೂ ಕಾಣುವಂತೆ ಇಡಬೇಡಿ, ಅದರಲ್ಲಿ ನಿಮ್ಮ ಮನೆಯೂ ಹೊರಡುವ ಹೊತ್ತೂ ಗೊತ್ತಾಗಿಬಿಡುತ್ತದೆ.

ಯಾವ ಕಾಲದಲ್ಲಿ ಎಷ್ಟೊತ್ತಿಗೆ ಹೊರಡಬೇಕು?

ಜನವರಿಯಲ್ಲಿ ಸೂರ್ಯ ಹುಟ್ಟುವುದು ಆರೂಮುಕ್ಕಾಲರ ಹತ್ತಿರ, ಜೂನ್ ಶುರುವಿನಲ್ಲಿ ಆರಕ್ಕೂ ಮೊದಲೇ. ಈ ಮುಕ್ಕಾಲು ಗಂಟೆಯ ವ್ಯತ್ಯಾಸ ನೆನಪಿಟ್ಟುಕೊಂಡು ಅಲಾರಂ ಇಡಿ. ಮಾರ್ಚ್, ಏಪ್ರಿಲ್‌ನಲ್ಲಿ ಏಳರೊಳಗೆ ಮುಗಿಸಿ. ಮೇ ತಿಂಗಳಲ್ಲಿ ಸಂಜೆ ಗುಡುಗು ಮಳೆ ಬರುವುದು ಸಾಮಾನ್ಯ. ಆಗ ಏರಿ, ಬೆಟ್ಟ, ಬಯಲು ಬೇಡ, ಸಿಡಿಲಿನ ಭಯ. ಆಗಸ್ಟಿನಿಂದ ಅಕ್ಟೋಬರ್‌ವರೆಗೆ ನಾಲೆ ಏರಿ ಕೆಸರಾದ ವಾರಗಳಲ್ಲಿ ಗಂಗೋತ್ರಿಯ ಡಾಂಬರು, ಅರಮನೆ ಸುತ್ತು ಕೈಹಿಡಿಯುತ್ತವೆ. ನವೆಂಬರ್‌ನಿಂದ ಫೆಬ್ರವರಿವರೆಗೆ ಎಲ್ಲಿ ಬೇಕಾದರೂ ಓಡಿ.

ನೀರು, ತಿಂಡಿ?

ಹತ್ತು ಕಿಲೋಮೀಟರ್ ಒಳಗಾದರೆ ಮನೆಯಲ್ಲೇ ಕುಡಿದು ಹೊರಡಿ. ಅದಕ್ಕೂ ಮೇಲಾದರೆ, ಮುಖ್ಯವಾಗಿ ನಾಲೆ ಏರಿಗೆ, ನೀರು ಹೊತ್ತುಕೊಂಡೇ ಹೋಗಬೇಕು. ಮುಗಿದ ಮೇಲೆ ಎಳನೀರು, ಜೊತೆಗೆ ಗಂಜಿಯೂ ಬರುವಂಥದ್ದು ಕೇಳಿ. ಆಮೇಲೆ ಇಡ್ಲಿ.

ಬೆಂಗಳೂರಿನಿಂದ ಒಂದೇ ದಿನಕ್ಕೆ ಬರುತ್ತಿದ್ದೇನೆ. ಒಂದೇ ಓಟಕ್ಕೆ ಸಮಯ ಇದೆ. ಎಲ್ಲಿ?

ಹಿಂದಿನ ರಾತ್ರಿ ಬಂದು ರೈಲು ನಿಲ್ದಾಣದ ಹತ್ತಿರ ಉಳಿದುಕೊಳ್ಳಿ. ಕುಕ್ಕರಹಳ್ಳಿ ಕೆರೆ ಅಲ್ಲಿಂದ ಎರಡು ಕಿಲೋಮೀಟರ್ ಆಸುಪಾಸು, ಅದನ್ನೂ ಓಡಿಕೊಂಡೇ ಹೋಗಬಹುದು. ಕೆರೆ ಒಂದು ಸುತ್ತು, ವಾಪಸ್ ಬರುವಾಗ ಅರಮನೆ ಕಡೆ ಬಳಸಿ ಕೋಟೆಯ ಒಂದು ಸುತ್ತು. ಭಾನುವಾರವಾದರೆ ಇದನ್ನು ತಿರುಗಿಸಿ. ಬೀದಿ ಖಾಲಿ ಇರುವಾಗ ಅರಮನೆ ಮೊದಲು, ಕೆರೆ ಆಮೇಲೆ. ಮೆಟ್ಟಿಲು ಹತ್ತುವ ಆಸೆ ಇದ್ದರೆ ಅದಕ್ಕೆ ಇನ್ನೊಂದು ದಿನ ಇಟ್ಟುಕೊಂಡು ಬನ್ನಿ.